ನೀರು ಬಂದಾವ

ಮೂವತ್ತೊಂದು ವರ್ಷ ಗದಗಿನ ಛಾಪಖಾನಿಯೊಳಗ
ಕೆಂಪು ಪೆನ್ನು ಹಿಡಿದು ಕೂತಾವ ನಾನು.
ಲಗ್ನಪತ್ರಿಕಿ, ಸೊಸಾಯಿಟಿಯ ವಾರ್ಷಿಕ ವರದಿ,
ಬಿತ್ತನೆ ಬೀಜದ ಪಾಂಪ್ಲೆಟ್ಟು, ಶ್ರದ್ಧಾಂಜಲಿ,
ಯಾವುದರಾಗ ಆಗಲಿ, ಕೆಲಸ ಇಲ್ಲದ ಶಬ್ದ ಕಂಡರ
ಗೀರು ಎಳೀತಿದ್ದೆ.
'ಆದರಪೂರ್ವಕವಾಗಿ' ಬೇಕಾಗಿಲ್ಲ. 'ತಮ್ಮ ಅಮೂಲ್ಯವಾದ' ಬೇಕಾಗಿಲ್ಲ.
ಹಾಳಿ ಉಳೀತಿತ್ತು, ಮಾಲಕ ಖುಷಿ.

ಹಂಗಾಗಿ ಓಣ್ಯಾಗಿನ ಮಾತೂ ನನಗ
ತಿದ್ದದ ಕರಡು.
ಮಕ್ತುಮಸಾಬನ ಚಾದಂಗಡಿ, ಮುಂಜಾನೆ ಏಳು:
"ಬಂದ್ರಿ?"
ಬಂದು ಎದುರಿಗೇ ನಿಂತೀನಿ, ಬಂದ್ರಿ ಅಂತಾನ.
"ಗಾಳಿ ಭಾಳ ಐತಲ್ರಿ ಇವತ್ತ."
ಕಪ್ಪತಗುಡ್ಡದ ಕಡಿಂದ ಬೀಸೂ ಗಾಳಿ
ಒಣಹಾಕಿದ ಸೀರಿ ಕಿತಗೊಂಡು ಬೆಟಗೇರಿ ಹಾದಿ ಹಿಡಿಯೂದು
ನನಗ ಕಾಣೂದಿಲ್ಲೇನು?
"ಮತ್ತ?"
ಇದಕ್ಕಂತೂ ಕರ್ತೃ ಇಲ್ಲ, ಕರ್ಮ ಇಲ್ಲ, ಕ್ರಿಯಾಪದ ಇಲ್ಲ.

ಒಮ್ಮೆ ಸಿಟ್ಟಿಗೆದ್ದು ಖರೇನ ಉತ್ತರ ಕೊಟ್ಟೆ:
ಸಕ್ಕರಿ ಎರಡುನೂರಾ ಹತ್ತು, ಮೊಣಕಾಲಾಗ ಬಾವು,
ಅಳಿಯನ ಕೂಡ ಮಾತಿಲ್ಲ, ರಾತ್ರಿ ಮೂರಕ್ಕ ಎಚ್ಚರ.
ಮಕ್ತುಮಸಾಬ ಸೋಸೂ ಅರಿವಿ ಹಿಡಕೊಂಡು ಹಂಗ ನಿಂತ.
ಚಾ ಉಕ್ಕಿ ಸ್ಟೋವಿನ ಪಾಲಾತು.
ಮರುದಿನ "ಬಂದ್ರಿ?" ಅಂದ. ಅಷ್ಟ ಅಂದ.
ಕಪ್ಪು ತುಂಬಾನ ಕೊಟ್ಟಿದ್ದ,
ಅರ್ಧ ಅನಿಸಿತು.

ನಮ್ಮ ಓಣಿ ಸಣ್ಣದು.
ಕೈ ಚಾಚಿದರ ಎದುರು ಮನಿಗೆ ಉಪ್ಪು ಕೊಡಬಹುದು.
ಆ ಮನಿಯ ಕೊಟ್ರಪ್ಪ ತಡಸದ ಮಾತು ಬಿಟ್ಟು ಒಂಬತ್ತು ವರ್ಷ.
ಗಟಾರದ ಕಲ್ಲು ಯಾರದು ಅಂತ ಶುರು ಆದದ್ದು
ಅವರವ್ವ ತೀರಿದಾಗ ನಾನು ಹೋಗಲಿಲ್ಲ ಅನ್ನೂದಕ್ಕ ಬಂದು ನಿಂತಿತ್ತು.
ಹೋಗಬೇಕಿತ್ತು.
ಮಗಳ ಲಗ್ನಪತ್ರಿಕಿ ನಾನ ತಿದ್ದಿದೆ, ಒಂದೂ ತಪ್ಪಿಲ್ಲ;
ಅವನ ಬಾಗಲಿಗೆ ಮಾತ್ರ ಒಯ್ಯಲಿಲ್ಲ.

ಹೋದ ಬ್ಯಾಸಗಿ ನಲ್ಲಿ ಒಣಗಿ ಹದಿನೇಳು ದಿನ.
ರಾತ್ರಿ ಎರಡೂವರಿ ಇರಬೇಕು, ಹೊರಗೊಂದು ದನಿ:
"ನೀರು ಬಂದಾವ."
ಕೊಟ್ರಪ್ಪ. ತನ್ನ ಕಟ್ಟಿ ಮ್ಯಾಲ ನಿಂತು
ಕರೆಂಟಿನ ಕಂಬಕ್ಕ ಹೇಳಿದಂಗ,
ನನ್ನ ಕಿಡಕಿ ಕಡೆ ಹೊಳ್ಳಿ ನೋಡದ.
ಹೆಸರಿಲ್ಲ, 'ರಿ' ಇಲ್ಲ, ಯಾರಿಗೆ ಅನ್ನೂದೂ ಇಲ್ಲ.
ನಾನ ತಿದ್ದಿದ್ದರೂ ಇಷ್ಟು ಗಿಡ್ಡ ಆಗತಿರಲಿಲ್ಲ.
ನಾನೂ ಕಂಬಕ್ಕ ಹೇಳಿದೆ: "ಹೂಂ."

ಹನ್ನೆರಡು ದಿನಕ್ಕ ಮತ್ತ ಬಂದುವು. ಈ ಸಲ ನಾ ಮೊದಲ ಎದ್ದಿದ್ದೆ.
"ರಾಡಿ ಅದಾವ," ಕಂಬಕ್ಕ ಅಂದೆ.
"ಸ್ವಲ್ಪ ಹರೀಲಿ ಬಿಡಬೇಕು," ಕಂಬಕ್ಕ ಅಂದ.
ಆಮೇಲೆ ಪೈಪು ಒಡೀತು. ವಾಲ್ವ್ ತಿರುವೂ ಹುಡುಗ ಬದಲಾದ.
ಮಳಿ ಒಂದು ತಿಂಗಳು ತಡ ಆತು.
ನೀರಿನ ಸುದ್ದಿ ಎಲ್ಲಾ ಪಾಪ ಆ ಕಂಬಕ್ಕ ಬಾಯಿಪಾಠ.
ಗಟಾರದ ಕಲ್ಲಿನ ಸುದ್ದಿ ಯಾರೂ ತಗೀಲಿಲ್ಲ, ಇನ್ನೂ ತಗದಿಲ್ಲ,
ಅವ್ವನ ಸುದ್ದಿ ಸೈತ.
ಅಂಥಾ ಮಾತು ಬಾಯಿಗೆ ಬಂದಿದ್ದರ
ಇಬ್ಬರೂ ಅಗಳಿ ಹಾಕ್ಕೊಂಡು ಮಲಗತಿದ್ವಿ.

ನಿನ್ನೆ ರಾತ್ರಿ ಬಿಂದಗಿ ಹಚ್ಚಿ
ಕಟ್ಟಿ ಮ್ಯಾಲ ಕೂತಲ್ಲೇ ಜೋಂಪು ಹತ್ತಿತ್ತು.
"ತುಂಬೇತ್ರಿ."
ಕಣ್ಣು ತೆರೆದೆ. ಅವ ಈ ಕಡೇನ ನೋಡಾಕತ್ತಿದ್ದ.
ನೀರು ಅದ ಗಟಾರದ ಕಲ್ಲು ದಾಟಿ
ಅವನ ಮೆಟ್ಟಿಲಿಗೆ ಮುಟ್ಟಿತ್ತು.

ರಿ.
ಒಂದು ಅಕ್ಷರ, ಅದಕ್ಕೊಂದು ಗುಡಿಸು.
ಇಷ್ಟು ಸಣ್ಣದಕ್ಕ ನನ್ನ ಕೆಂಪು ಪೆನ್ನು
ಯಾವತ್ತೂ ತಡದು ನಿಂತಿದ್ದಿಲ್ಲ.
ಬಿಂದಗಿ ಸರಿಸಿದೆ. ಏನನ್ನಬೇಕು ತಿಳೀಲಿಲ್ಲ.
"ಗಾಳಿ ಭಾಳ ಐತಲ್ರಿ," ಅಂದೆ.

ಬೇವಿನ ಗಿಡದಾಗ ಒಂದು ಎಲಿ ಅಳ್ಳಾಡತಿರಲಿಲ್ಲ.
"ಹೂಂನ್ರಿ," ಅಂದ ಕೊಟ್ರಪ್ಪ, "ಭಾಳ ಐತಿ."